ಶುದ್ಧ ವ್ಯವಸ್ಥೆಯೋ ಮಿಶ್ರ ವ್ಯವಸ್ಥೆಯೋ: ನಾಲ್ಕು ತಾಲೂಕುಗಳ ಶಾಸನಸೂಚಿಯ ಒಂದು ಸಮಸ್ಯೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಶಾಸನಗಳಿಗೆ ನಮ್ಮ ವಿಭಾಗದಲ್ಲಿ ಗ್ರಾಮವಾರು ಸೂಚಿಯೊಂದು ಸಿದ್ಧವಾಗಿದೆ. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11 ಮತ್ತು 15ನೆಯ ಸಂಪುಟಗಳಲ್ಲಿ ಮುಂಬಯಿ ಕರ್ನಾಟಕದ ಶಾಸನಪಾಠಗಳು ಅಚ್ಚಾಗಿರುವುದು ಅಭ್ಯಾಸಿಗಳಿಗೆ ತಿಳಿದ ವಿಷಯ. ಆದರೆ ಕಲ್ಲು ಈಗ ಯಾವ ಗುಡಿಯ ಹಿಂದೆ ಬಿದ್ದಿದೆ, ಎಷ್ಟು ಸಾಲುಗಳು ಸವೆದಿವೆ, ಊರವರು ಅದನ್ನು ಏನೆಂದು ಕರೆಯುತ್ತಾರೆ ಎಂಬ ಕ್ಷೇತ್ರಟಿಪ್ಪಣಿಗಳು ಈ ಸೂಚಿಯಲ್ಲಲ್ಲದೆ ಬೇರೆಲ್ಲಿಯೂ ಇಲ್ಲ. ಮೂಲ ಟಿಪ್ಪಣಿ ಪುಸ್ತಕಗಳಲ್ಲಿ ಕೆಲವನ್ನು ಗೆದ್ದಲು ತಿಂದಿದೆ. ಇಂತಹ ಸೂಚಿಯನ್ನಿಟ್ಟ ಲಿನಕ್ಸ್ ಸರ್ವರನ್ನು ಹೊಸದಾಗಿ ಅಣಿಗೊಳಿಸುವಾಗ ಎದುರಾದ ಪ್ರಶ್ನೆಯೇ ಪ್ರಸ್ತುತ ಲೇಖನದ ವಿಷಯ.

ಇಲ್ಲಿ ಲೈಬ್ರರಿಯೆಂದರೆ ಗ್ರಂಥಾಲಯವಲ್ಲ; ಅನೇಕ ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಿದ್ಧ ಸಂಕೇತಗಳ ಭಂಡಾರ. 32 ಬಿಟ್ಟಿನ ಪ್ರೋಗ್ರಾಮು 32 ಬಿಟ್ಟಿನ ಲೈಬ್ರರಿಯನ್ನು ಮಾತ್ರ ತನ್ನೊಳಗೆ ಸೇರಿಸಿಕೊಳ್ಳಬಲ್ಲದು. 64 ಬಿಟ್ಟಿನದಕ್ಕೂ ಇದೇ ನಿಯಮ. ಆದುದರಿಂದ ಎರಡು ಬಗೆಯ ಪ್ರೋಗ್ರಾಮುಗಳನ್ನೂ ನಡೆಯಿಸಬೇಕಾದ ಯಂತ್ರದಲ್ಲಿ ಒಂದೇ ಲೈಬ್ರರಿಯ ಎರಡೆರಡು ಪ್ರತಿಗಳಿರಬೇಕಾಗುತ್ತದೆ. ಇದು ಮಿಶ್ರ ವ್ಯವಸ್ಥೆ. 64 ಬಿಟ್ಟಿನವನ್ನು ಮಾತ್ರ ಇಟ್ಟುಕೊಂಡದ್ದು ಶುದ್ಧ ವ್ಯವಸ್ಥೆ.

ಈ ದ್ವಂದ್ವದ ಇತಿಹಾಸ ದೀರ್ಘವಲ್ಲ. 32 ಬಿಟ್ಟಿನ ವಿಳಾಸಗಳಿಂದ 4,29,49,67,296 ಬೈಟುಗಳಷ್ಟು, ಎಂದರೆ 4 ಗಿಗಾಬೈಟ್ ಸ್ಮೃತಿಯನ್ನು ಮಾತ್ರ ಎಣಿಸಬಹುದು. ಈ ಮಿತಿಯನ್ನು ದಾಟಲು 2001ರಲ್ಲಿ ಬಂದ ಇಟಾನಿಯಂ ಹಳೆಯ ಪ್ರೋಗ್ರಾಮುಗಳನ್ನು ಬಹು ಮಂದಗತಿಯಲ್ಲಿ ನಡೆಯಿಸುತ್ತಿದ್ದಿತು. 2003ರ ಏಪ್ರಿಲಿನಲ್ಲಿ ಎಎಂಡಿ ಸಂಸ್ಥೆಯು ಹೊರತಂದ ಆಪ್ಟೆರಾನ್ ಹಳೆಯದನ್ನೂ ಹೊಸದನ್ನೂ ಪೂರ್ಣ ವೇಗದಲ್ಲಿ ನಡೆಯಿಸಿತು. ಮಿಶ್ರ ವ್ಯವಸ್ಥೆಯು ಬೇರೂರಿದುದು ಈ ಸೌಕರ್ಯದಿಂದಲೇ ಎಂದು ನಮಗೆ ತೋರುತ್ತದೆ. ರೆಡ್ ಹ್ಯಾಟ್ ಮುಂತಾದವರು ಹಳೆಯ ಲೈಬ್ರರಿಗಳನ್ನು ಇದ್ದಲ್ಲಿಯೇ ಬಿಟ್ಟು ಹೊಸವಕ್ಕೆ ಬೇರೆ ಕಡತಕೋಶ ಮಾಡಿದರು. ಡೆಬಿಯನ್ನಿನವರು ಮೊದಲು ಶುದ್ಧ ಮಾರ್ಗವನ್ನೇ ಹಿಡಿದು, 2007ರಲ್ಲಿ ಅದಕ್ಕೆ ಅಧಿಕೃತ ಸ್ಥಾನ ಕೊಟ್ಟರು. 2013ರ ಏಳನೆಯ ಆವೃತ್ತಿಯಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿ ಇರಿಸುವ ಕ್ರಮವನ್ನು ಅಳವಡಿಸಿಕೊಂಡರು. 2019ರಲ್ಲಿ ಉಬುಂಟು ತಂಡವು 32 ಬಿಟ್ಟಿನ ಲೈಬ್ರರಿಗಳನ್ನು ಕೈಬಿಡುವುದಾಗಿ ಸಾರಿ, ಬಳಕೆದಾರರ ಪ್ರತಿಭಟನೆಯ ತರುವಾಯ ಹಿಂದೆಗೆಯಿತು. ಆದರೆ 2025ರಲ್ಲಿ ರೆಡ್ ಹ್ಯಾಟಿನ ಹತ್ತನೆಯ ಎಂಟರ್‌ಪ್ರೈಸ್ ಆವೃತ್ತಿ ಅವನ್ನು ಬಿಟ್ಟೇಬಿಟ್ಟಿತು.

'ಶುದ್ಧ' ಎಂಬ ಮಾತಿಗೆ ಇತಿಹಾಸಕಾರರು ಸುಲಭವಾಗಿ ಮರುಳಾಗಬಾರದು. ಇಂಡಿ ತಾಲೂಕಿನ ಸಾಲೋಟಗಿಯ ಕಂಬವನ್ನೇ ನೋಡಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಸಂಸ್ಕೃತ ಶಾಸನವು ಅದರ ಮೇಲೆ ನಾಗರಿಯಲ್ಲಿದೆ. ಅಲ್ಲಿಯ ಶಾಲೆಯ ವಿಷಯ ತಿಳಿಯುವುದು ಅದರಿಂದ. ಅದೇ ಕಂಬದಲ್ಲಿ ಕನ್ನಡ ಬರಹವೂ ಉಂಟು. ಒಂದೇ ಲಿಪಿಯನ್ನು ಬಲ್ಲವನಿಗೆ ಕಂಬದ ಒಂದು ಭಾಗ ಮೂಕವಾಗಿಯೇ ಉಳಿಯುತ್ತದೆ. ಹೀಗೆಂದು ವಾದಿಸಿ ನಾವು ಮೊದಲು ಮಿಶ್ರ ವ್ಯವಸ್ಥೆಯನ್ನೇ ಆರಿಸಿದೆವು. ನಮ್ಮ ವಾದಕ್ಕೆ ಆಧಾರ ಸಾಲದೆಂಬುದು ಬಳಿಕ ತಿಳಿಯಿತು.

ಇಂಡಿ ಮತ್ತು ಸಿಂದಗಿಯ ಭಾಗಗಳು ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾಗಿದ್ದವು. ಆ ಕಾಲದ ನುಡಿಯು ವಿಂಡೋಸಿನ 32 ಬಿಟ್ಟಿನ ಪ್ರೋಗ್ರಾಮು. ಲಿನಕ್ಸಿನಲ್ಲಿ ಅದನ್ನು ನಡೆಯಿಸಲು ವೈನ್ ಎಂಬ ಸಾಧನವೂ, ಅದಕ್ಕೆ 32 ಬಿಟ್ಟಿನ ಲೈಬ್ರರಿಗಳೂ ಬೇಕೆಂದು ನಾವು ಎಣಿಸಿದ್ದೆವು. (2024ರ ಜನವರಿಯಲ್ಲಿ ಬಂದ ವೈನ್ 9.0ರ ಹೊಸ ಕ್ರಮದಲ್ಲಿ ಈ ಲೈಬ್ರರಿಗಳ ಹಂಗೂ ಇಲ್ಲ.) ವಸ್ತುತಃ ಆ ಕಡತಗಳು ಪ್ರೋಗ್ರಾಮಿಗೆ ಕಟ್ಟುಬಿದ್ದಿರಲಿಲ್ಲ, ಅಕ್ಷರಸಂಕೇತಕ್ಕೆ ಕಟ್ಟುಬಿದ್ದಿದ್ದವು. ಒಳಗಿರುವುದು ರೋಮನ್ ಅಕ್ಷರಗಳ ಸ್ಥಾನಗಳು. ಫಾಂಟು ಅವುಗಳ ಮೇಲೆ ಕನ್ನಡದ ರೂಪವನ್ನು ಹೊದಿಸುತ್ತದೆ. ಆದುದರಿಂದಲೇ 'ಸಾಲೋಟಗಿ' ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಒಂದೂ ದೊರೆಯದು. ಇದಕ್ಕೆ ಪರಿಹಾರ ಲಿಪ್ಯಂತರವೇ ಹೊರತು ಲೈಬ್ರರಿಯಲ್ಲ. 'ಧರ್ಮ'ದ ಅರ್ಕಾವತ್ತು ಹಳೆಯ ಕ್ರಮದಲ್ಲಿ ಮಕಾರದ ತರುವಾಯ ಬರುತ್ತದೆ, ಯೂನಿಕೋಡಿನಲ್ಲಿ ಅದಕ್ಕೆ ಮೊದಲು. ಪರಿವರ್ತಕ ಪ್ರೋಗ್ರಾಮು ಈ ಸ್ಥಾನಪಲ್ಲಟವನ್ನು ಮಾಡಬಲ್ಲದು. ಆದರೆ ಬೆರಳಚ್ಚಿನವರು ಱಕಾರಕ್ಕೆ ರಕಾರವನ್ನೂ ೞಕಾರಕ್ಕೆ ಳಕಾರವನ್ನೂ ಒತ್ತಿದ ಕಡೆಗಳಲ್ಲಿ ಯಂತ್ರಕ್ಕೆ ದಾರಿಯಿಲ್ಲ. ಅಚ್ಚಾದ ಸಂಪುಟವನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಿದ್ದಬೇಕಾಯಿತು.

ಮುದ್ದೇಬಿಹಾಳ ಮತ್ತು ಬಾಗೇವಾಡಿಯ ಭಾಗಗಳ ಸ್ಥಿತಿ ಬೇರೆ. ಅವನ್ನು ಹಿಂದೆ ಯಾರೋ ರಚಿಸಿಕೊಟ್ಟ 32 ಬಿಟ್ಟಿನ ಲಿನಕ್ಸ್ ಪ್ರೋಗ್ರಾಮಿನಲ್ಲಿ ತುಂಬಲಾಗಿದೆ. ಅದರ ಮೂಲಸಂಕೇತ ನಮ್ಮಲ್ಲಿಲ್ಲ. ಕಡತದ ರಚನೆಯನ್ನು ಬಲ್ಲುದು ಆ ಪ್ರೋಗ್ರಾಮೊಂದೇ. ಮೂಲಸಂಕೇತವಿದ್ದರೆ 64 ಬಿಟ್ಟಿಗೆ ಮರಳಿ ಸಂಕಲಿಸಬಹುದಿತ್ತು. ಇಲ್ಲಿ 32 ಬಿಟ್ಟಿನ ಲೈಬ್ರರಿ ನಿಜವಾಗಿ ಅವಶ್ಯ.

ಹಾಗೆಂದು ಇಡೀ ಸರ್ವರನ್ನು ಮಿಶ್ರಗೊಳಿಸಬೇಕೆಂಬುದನ್ನು ನಾವು ಈಗ ಒಪ್ಪುವುದಿಲ್ಲ. ಡಿಸ್ಕಿನಲ್ಲಿ ಹೆಚ್ಚು ಸ್ಥಳ ಬೇಕಾಗುವುದು ದೊಡ್ಡ ಮಾತಲ್ಲ. ಆದರೆ ಪ್ರತಿಯೊಂದು ರಕ್ಷಣಾ ತಿದ್ದುಪಡಿಯನ್ನೂ ಎರಡು ಪ್ರತಿಗಳಿಗೆ ಮಾಡಬೇಕು. ಡೆಬಿಯನ್ನಿನಲ್ಲಿ ಎರಡರ ಆವೃತ್ತಿಯೂ ಒಂದೇ ಆಗಿರತಕ್ಕದ್ದು, ಒಂದು ಹಿಂದುಳಿದರೆ ಇನ್ನೊಂದೂ ನಿಲ್ಲುತ್ತದೆ. ವಿಭಾಗಕ್ಕೆಲ್ಲ ತೆರೆದಿರುವ ಯಂತ್ರದಲ್ಲಿ ಇದು ಅಪಾಯಕರ. 64 ಬಿಟ್ಟಿನ ಕರ್ನೆಲ್ಲು, ಅನುಮತಿಸುವಂತೆ ಸಿದ್ಧಪಡಿಸಿದ್ದರೆ, 32 ಬಿಟ್ಟಿನ ಪ್ರೋಗ್ರಾಮನ್ನು ತಾನೇ ನಡೆಯಿಸುತ್ತದೆ. ಆದುದರಿಂದ ಹಳೆಯ ಲೈಬ್ರರಿಗಳನ್ನು ಜಾಲಸಂಪರ್ಕವಿಲ್ಲದ ಪ್ರತ್ಯೇಕ ಕೋಶವೊಂದರಲ್ಲಿ ಇಟ್ಟರೆ ಸಾಕು. ನಾವು ಹಾಗೆಯೇ ಮಾಡಿದೆವು. ಹೊರಗೆ ಶುದ್ಧ, ಒಳಗಿನ ಒಂದು ಕೋಣೆಯಲ್ಲಿ ಹಳೆಯ ಪ್ರೋಗ್ರಾಮು ತನ್ನ ದಾಖಲೆಗಳನ್ನು ಒಂದೊಂದಾಗಿ ಸಾದಾ ಪಠ್ಯರೂಪದಲ್ಲಿ ಹೊರಚೆಲ್ಲುತ್ತಿದೆ.

ಈ ಕೋಣೆಗೆ ಅವಧಿಯೂ ಉಂಟು. 32 ಬಿಟ್ಟಿನ ಕಾಲಗಣನೆ 2038ರ ಜನವರಿ 19ರಂದು ತುಂಬಿಹೋಗುತ್ತದೆ. 2025ರಲ್ಲಿ ಬಂದ ಡೆಬಿಯನ್ನಿನ ಹದಿಮೂರನೆಯ ಆವೃತ್ತಿಯು ಇತರ 32 ಬಿಟ್ಟಿನ ವಿನ್ಯಾಸಗಳ ಕಾಲಗಣನೆಯನ್ನು ವಿಸ್ತರಿಸಿತಾದರೂ, ಹಳೆಯ ಪ್ರೋಗ್ರಾಮುಗಳಿಗೆ ಭಂಗ ಬಾರದಿರಲೆಂದು ಐ386 ವಿನ್ಯಾಸವನ್ನು ಇದ್ದಂತೆಯೇ ಬಿಟ್ಟಿದೆ.

ಮುದ್ದೇಬಿಹಾಳದ ಭಾಗ ಪೂರ್ತಿಯಾಗಿ ಹೊರಬಂದಿದೆ. ತಾಳಿಕೋಟೆಯು ಈಗ ಬೇರೆಯೇ ತಾಲೂಕು. ಪ್ರೋಗ್ರಾಮಿನ ಪಟ್ಟಿಯಲ್ಲಿ ಆ ಹೆಸರನ್ನು ಸೇರಿಸಲು ಆಸ್ಪದವಿಲ್ಲದುದರಿಂದ ಅದರ ಗ್ರಾಮಗಳನ್ನು ಹೊರಗೆಳೆದ ಪಠ್ಯದಲ್ಲಿಯೇ ಬೇರ್ಪಡಿಸಿದ್ದೇವೆ. ಬಾಗೇವಾಡಿಯ ದಾಖಲೆಗಳ ಕೆಲಸ ನಡೆಯುತ್ತಿದೆ. ಗೆದ್ದಲು ತಿಂದ ಪುಸ್ತಕಗಳಲ್ಲಿ ಹೆಚ್ಚಿನವು ಆ ತಾಲೂಕಿನವೇ ಆದುದರಿಂದ, ಕೊನೆಯ ದಾಖಲೆಯನ್ನು ತಾಳೆ ನೋಡುವವರೆಗೆ ಆ ಕೋಣೆಯನ್ನು ಅಳಿಸಕೂಡದೆಂದು ವಿಭಾಗದಲ್ಲಿ ಗೊತ್ತುಮಾಡಲಾಗಿದೆ.