ಮಾರುತ್ ಯುದ್ಧವಿಮಾನ ಯೋಜನೆ: ವಿನ್ಯಾಸ ಮತ್ತು ಎಂಜಿನ್ನಿನ ಸಂಬಂಧ

ಎತ್ತಿನ ಗಾಡಿಯ ಚಕ್ರವನ್ನು ಬಡಗಿ ಕೂಡಿಸುತ್ತಾನೆ. ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಅದಕ್ಕೆ ತೊಡಿಸುತ್ತಾನೆ. ಇಬ್ಬರೂ ಒಂದೇ ಊರಿನವರಾದುದರಿಂದ ಅಳತೆಯಲ್ಲಿ ಬಂದ ವ್ಯತ್ಯಾಸ ಅಂದೇ ಸರಿಹೋಗುತ್ತದೆ. ಆಧುನಿಕ ಕೈಗಾರಿಕೆಯಲ್ಲಿ ಈ ಇಬ್ಬರು ಎರಡು ದೇಶಗಳಲ್ಲಿದ್ದಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲಿಯೇ ಒಂದು ನಿದರ್ಶನವಿದೆ. ಅದು ಎಚ್.ಎಫ್.-24 ಮಾರುತ್ ಯುದ್ಧವಿಮಾನದ ಯೋಜನೆ.

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯು ಯುದ್ಧಕಾಲದಲ್ಲಿ ಮುಖ್ಯವಾಗಿ ವಿಮಾನಗಳ ದುರಸ್ತಿಯ ಕೇಂದ್ರವಾಗಿತ್ತು. ಗಾಟಿಂಗೆನ್‌ನಲ್ಲಿ ವ್ಯಾಸಂಗ ಮಾಡಿದ ವಿ.ಎಂ. ಘಾಟ್ಗೆ ಅವರ ನೇತೃತ್ವದಲ್ಲಿ ಇಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನವು 1951ರಲ್ಲಿ ಹಾರಿತು. ಅಲ್ಲಿಂದ ಶಬ್ದಾತೀತ ಯುದ್ಧವಿಮಾನಕ್ಕೆ ಒಮ್ಮೆಲೇ ನೆಗೆಯುವುದು ಸಾಹಸವೇ ಸರಿ. 1956ರಲ್ಲಿ ಜರ್ಮನಿಯ ಖ್ಯಾತ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರೊಡನೆ ಬಂದ ಜರ್ಮನ್ ತಜ್ಞರ ಸಂಖ್ಯೆ ಚಿಕ್ಕದು. ಹೆಚ್ಚಿನ ಕೆಲಸವನ್ನು ಭಾರತೀಯ ತರುಣ ಎಂಜಿನಿಯರುಗಳು ಮಾಡುತ್ತಲೇ ಕಲಿಯಬೇಕಾಯಿತು. ಗುರುವಿನ ಪಕ್ಕದಲ್ಲಿ ನಿಂತು ಕಸುಬು ಹಿಡಿಯುವ ಹಳೆಯ ಪದ್ಧತಿಯೇ ಇಲ್ಲಿಯೂ ನಡೆಯಿತೆನ್ನಬಹುದು.

ಯೋಜನೆಯ ಅತ್ಯಂತ ಸ್ವಾರಸ್ಯಕರ ಘಟ್ಟವೆಂದರೆ ಮರದ ವಿಮಾನದ್ದು. ಅಗತ್ಯವಾದ ಪರೀಕ್ಷಾ ಸೌಲಭ್ಯಗಳು ಅಂದು ಇಲ್ಲಿ ಸಾಕಷ್ಟಿರಲಿಲ್ಲ. ಆದುದರಿಂದ ನಿಜವಾದ ವಿಮಾನದಷ್ಟೇ ಅಳತೆಯ, ಎಂಜಿನ್ನಿಲ್ಲದ ಮರದ ಗ್ಲೈಡರೊಂದನ್ನು ನಿರ್ಮಿಸಲಾಯಿತು. 1959ರಲ್ಲಿ ಡಕೋಟಾ ವಿಮಾನವೊಂದು ಇದನ್ನು ಎಳೆದುಕೊಂಡು ಮೇಲೇರಿ ಬಿಟ್ಟಿತು. ರೆಕ್ಕೆಯ ವರ್ತನೆ, ನಿಯಂತ್ರಣ, ಇಳಿಯುವ ಕ್ರಮ ಇವೆಲ್ಲ ಲೋಹದ ವಿಮಾನ ಸಿದ್ಧವಾಗುವ ಮೊದಲೇ ತಿಳಿದುಬಂದವು. ಇರುವ ಸಾಧನದಲ್ಲಿ ಇಲ್ಲದ್ದನ್ನು ತುಂಬಿಕೊಳ್ಳುವ ಈ ಜಾಣ್ಮೆ ಯೋಜನಾ ನಿರ್ವಹಣೆಯ ಪಠ್ಯಗಳಲ್ಲಿ ಸ್ಥಾನ ಪಡೆಯಬೇಕಾದುದು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಮೊದಲ ಮಾದರಿಯನ್ನು ಹಾರಿಸಿದರು. ಕರ್ಟ್ ಟ್ಯಾಂಕ್ ಬಂದು ಐದು ವರ್ಷಗಳೂ ತುಂಬಿರಲಿಲ್ಲ.

ತೊಡಕು ಉಂಟಾದುದು ಎಂಜಿನ್ನಿನಲ್ಲಿ. ಮಾರುತ್‌ನ ಒಡಲನ್ನು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯು ಅಭಿವೃದ್ಧಿಪಡಿಸುತ್ತಿದ್ದ ಆರ್ಫಿಯಸ್-12 ಎಂಜಿನ್ನಿಗೆ ಹೊಂದುವಂತೆ ರೂಪಿಸಲಾಗಿತ್ತು. ಆ ಎಂಜಿನ್ನಿನ ಕಾರ್ಯವನ್ನು ಬ್ರಿಟನ್ ಕೈಬಿಟ್ಟಿತು. ಮುಂದುವರಿಸಬೇಕಾದರೆ ವೆಚ್ಚವನ್ನು ಭಾರತ ವಹಿಸಬೇಕಾಗಿತ್ತು. ಭಾರತ ಅದಕ್ಕೆ ಒಪ್ಪಲಿಲ್ಲ. ಈ ಒಂದು ನಿರ್ಧಾರವೇ ಮಾರುತ್‌ನ ಮುಂದಿನ ಕಾಲು ಶತಮಾನದ ಹಣೆಬರಹವಾಯಿತು. ನ್ಯಾಟ್ ವಿಮಾನಕ್ಕಾಗಿ ಪರಿಚಿತವಾಗಿದ್ದ, ಕಡಿಮೆ ಶಕ್ತಿಯ ಆರ್ಫಿಯಸ್ ಮಾದರಿಯನ್ನೇ ಜೋಡಿಸಬೇಕಾಯಿತು. ಶಬ್ದದ ಎರಡರಷ್ಟು ವೇಗದ ಗುರಿಯಿಂದ ಹೊರಟ ವಿಮಾನ ಶಬ್ದದ ವೇಗದ ಆಸುಪಾಸಿನಲ್ಲಿಯೇ ಉಳಿಯಿತು. ಬಳಿಕ ಈಜಿಪ್ಟಿನ ಇ-300 ಎಂಜಿನ್ನಿನ ಪ್ರಯೋಗವೂ ನಡೆಯಿತು. 1969ರಲ್ಲಿ ಅದೂ ನಿಂತಿತು. ಇಂಧನವನ್ನು ಮತ್ತೆ ಉರಿಸಿ ಶಕ್ತಿ ಹೆಚ್ಚಿಸುವ ವ್ಯವಸ್ಥೆಯಿದ್ದ ಮಾದರಿಯನ್ನು ಪರೀಕ್ಷಿಸುವಾಗ 1970ರ ಜನವರಿ 10ರಂದು ಸುರಂಜನ್ ದಾಸ್ ಅವಘಡದಲ್ಲಿ ಮೃತರಾದರು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ. ಆ ದಾರಿಯಲ್ಲಿ ದಿನವೂ ಓಡಾಡುವ ಎಷ್ಟು ಮಂದಿ ಇದನ್ನು ಬಲ್ಲರೋ!

ಒಟ್ಟು 147 ಮಾರುತ್ ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನ ವಲಯದಲ್ಲಿ ಅವು ದಕ್ಷವಾಗಿ ಸೇವೆ ಸಲ್ಲಿಸಿದವು. 1990ರ ವೇಳೆಗೆ ನಿವೃತ್ತಿ ಹೊಂದಿದವು. ವೇಗದ ಕೊರತೆಯನ್ನು ಮಾತ್ರ ಎತ್ತಿ ಹೇಳುವ ವಿಮರ್ಶಕರು ಇನ್ನೂ ದೊಡ್ಡ ನಷ್ಟವೊಂದನ್ನು ಗಮನಿಸಿಲ್ಲ. 1967ರಲ್ಲಿ ಟ್ಯಾಂಕ್ ನಿರ್ಗಮಿಸಿದರು. ಅನಂತರ ಅದೇ ತಂಡಕ್ಕೆ ಅದೇ ದರ್ಜೆಯ ಹೊಸ ಯುದ್ಧವಿಮಾನದ ಕೆಲಸ ದೊರೆಯಲಿಲ್ಲ. ವಿನ್ಯಾಸದ ಜ್ಞಾನವು ನಕ್ಷೆಗಳಲ್ಲಿರುವಷ್ಟೇ ಕೈ ಮತ್ತು ಬಾಯಿಗಳಲ್ಲಿಯೂ ಇರುತ್ತದೆ; ಶಿಷ್ಯನಿಗೆ ಕೆಲಸವಿಲ್ಲದಿದ್ದರೆ ಗುರುವಿನ ವಿದ್ಯೆ ದಾಟುವುದಿಲ್ಲ. 1984ರಲ್ಲಿ ಲಘು ಯುದ್ಧವಿಮಾನದ ಕಾರ್ಯಕ್ಕಾಗಿ ಹೊಸ ಸಂಸ್ಥೆಯೊಂದನ್ನು ಕಟ್ಟಿದಾಗ ಅನೇಕ ಪಾಠಗಳನ್ನು ಮೊದಲಿನಿಂದ ಕಲಿಯಬೇಕಾಯಿತು.

ಆ ಯೋಜನೆಯಲ್ಲಿ ಎಂಜಿನ್ನಿನ ಪ್ರಶ್ನೆಯನ್ನು ಮರೆತಿರಲಿಲ್ಲ. ಬೆಂಗಳೂರಿನಲ್ಲಿಯೇ ಕಾವೇರಿ ಎಂಜಿನ್ನಿನ ಕಾರ್ಯ ಆರಂಭವಾಯಿತು. ಅಲ್ಲಿಯವರೆಗಿನ ಹಾರಾಟಕ್ಕೆ ಅಮೆರಿಕದ ಎಂಜಿನ್ನನ್ನು ಅವಲಂಬಿಸಲಾಯಿತು. 2001ರ ಜನವರಿಯಲ್ಲಿ ತೇಜಸ್ ಹಾರಿದ್ದು ಅದರಿಂದಲೇ. 2008ರಲ್ಲಿ ಕಾವೇರಿಯನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಲಾಯಿತು. ತೇಜಸ್‌ನ ಸುಧಾರಿತ ಮಾದರಿಗಾಗಿ 2021ರಲ್ಲಿ 99 ಅಮೆರಿಕನ್ ಎಂಜಿನ್‌ಗಳಿಗೆ ಬೇಡಿಕೆ ಸಲ್ಲಿಸಲಾಯಿತು. ಅವುಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿನಲ್ಲಿ.