ಡೀಸೆಲ್ ನೌಕೆಗಳ ಚರಿತ್ರೆಯಲ್ಲಿ ಇಂಧನಶೋಧನೆಯ ಸ್ಥಾನ

ನೌಕಾಚರಿತ್ರೆಯನ್ನು ಬರೆದವರು ಹಾಯಿಯಿಂದ ಆವಿಗೆ, ಆವಿಯಿಂದ ಎಣ್ಣೆಗೆ ಎಂದು ಯುಗಗಳನ್ನು ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬ ಪ್ರವರ್ತಕನನ್ನು ನಿಲ್ಲಿಸುವುದು ವಾಡಿಕೆ. ಎಣ್ಣೆಯ ಯುಗಕ್ಕೆ ರುಡಾಲ್ಫ್ ಡೀಸೆಲನ ಹೆಸರು ನಿಂತಿದೆ, ಅದು ಉಚಿತವೇ. ಆದರೆ ಆತನ ಯಂತ್ರವು ಕಡಲಿನಲ್ಲಿ ನಂಬಿಕೆಗೆ ಅರ್ಹವಾದುದು ಯಂತ್ರದ ಗುಣವೊಂದರಿಂದಲೇ ಅಲ್ಲ, ಅದಕ್ಕೆ ಉಣಿಸಿದ ಎಣ್ಣೆಯ ಶುದ್ಧಿಯಿಂದಲೂ ಹೌದು. ಗ್ರಂಥಗಳಲ್ಲಿ ಈ ಎರಡನೆಯ ಸಂಗತಿಗೆ ದೊರೆತಿರುವ ಸ್ಥಳ ಅತ್ಯಲ್ಪವಾದುದರಿಂದ ಅದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಡೀಸೆಲನು 1893ರಲ್ಲಿ ತನ್ನ ಸಿದ್ಧಾಂತವನ್ನು ಪ್ರಕಟಿಸಿದಾಗ ಕಲ್ಲಿದ್ದಲಿನ ಪುಡಿಯನ್ನೂ ತನ್ನ ಯಂತ್ರಕ್ಕೆ ತಕ್ಕ ಇಂಧನವೆಂದು ಎಣಿಸಿದ್ದನು. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷೆಗೆ ಒಳಗಾಗಿ ಜಗತ್ತನ್ನು ಬೆರಗುಗೊಳಿಸಿದ ಯಂತ್ರವು ಉರಿಸಿದ್ದು ಮಾತ್ರ ಎಣ್ಣೆಯನ್ನೇ. ಪುಡಿಯ ಆಸೆಯನ್ನು ಮುಂದೆ ರುಡಾಲ್ಫ್ ಪಾವ್ಲಿಕೋವ್ಸ್ಕಿ ಎಂಬಾತನು ಗೋರ್ಲಿಟ್ಸಿನಲ್ಲಿ ಬಹುಕಾಲ ಬೆಂಬತ್ತಿದನು. ಬೂದಿಯ ಕಣಗಳು ಸಿಲಿಂಡರಿನ ಗೋಡೆಯನ್ನು ಅರದಂತೆ ಉಜ್ಜಿ ಸವೆಸುತ್ತಿದ್ದುದೇ ಅಂಥ ಯಂತ್ರಗಳಿಗೆ ದೊಡ್ಡ ತೊಡಕಾಯಿತು. ಇಂಧನದೊಡನೆ ಒಳಹೊಕ್ಕ ಗಡಸು ಕಣವು ಯಂತ್ರಕ್ಕೆ ಹಗೆ ಎಂಬುದು ಹೀಗೆ ಅದರ ಬಾಲ್ಯದಲ್ಲಿಯೇ ಗೊತ್ತಾದ ವಿಷಯ.

ಮೊದಲ ಡೀಸೆಲ್ ಯಂತ್ರಗಳಲ್ಲಿ ಒತ್ತಿದ ಗಾಳಿಯ ಬಲದಿಂದ ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ಊದುತ್ತಿದ್ದರು. 1903ರಲ್ಲಿ ವೋಲ್ಗಾ ನದಿಗಿಳಿದ ‘ವ್ಯಾಂಡಲ್’, 1912ರಲ್ಲಿ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿಗೆ ಹೊರಟ ‘ಸೆಲಾಂಡಿಯಾ’ ಇವೆಲ್ಲ ಆ ಕಾಲದವು. ಗಾಳಿಯನ್ನು ಒತ್ತುವ ಸಲಕರಣೆಯೇ ಭಾರವಾದುದರಿಂದ ಸಣ್ಣ ದೋಣಿಗೆ ಆ ಏರ್ಪಾಡು ಒಗ್ಗುವಂತಿರಲಿಲ್ಲ. ಸ್ಕ್ಯಾಂಡಿನೇವಿಯದ ಮೀನುಗಾರರು ಬಹುಕಾಲ ನೆಚ್ಚಿದ್ದುದು ತಲೆಯನ್ನು ಕಾಯಿಸಿ ಹೊತ್ತಿಸುವ ಒರಟು ಯಂತ್ರಗಳನ್ನು. ಅವು ಎಂಥ ಎಣ್ಣೆಯನ್ನು ಕೊಟ್ಟರೂ ಗೊಣಗದೆ ಕುಡಿಯುತ್ತಿದ್ದುವು.

ಈ ಸ್ಥಿತಿಯನ್ನು ಬದಲಿಸಿದುದು ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಸಂಸ್ಥೆಯು 1927ರಲ್ಲಿ ಮಾರುಕಟ್ಟೆಗೆ ತಂದ ಇಂಧನ ಪಂಪು. ಗಾಳಿಯ ಹಂಗಿಲ್ಲದೆ, ಪಂಪಿನ ಒತ್ತಡದಿಂದಲೇ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸುವುದು ಇದರಿಂದ ಸುಲಭವಾಯಿತು. ಇದಕ್ಕೆ ತೆತ್ತ ಬೆಲೆಯೂ ಒಂದುಂಟು. ಇಂಥ ಪಂಪಿನ ದಂಡಕ್ಕೂ ಅದರ ಕೊಳವೆಗೂ ನಡುವೆ ಇರುವ ಎಡೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದಂಶಕ್ಕೂ ಕಡಮೆ. ಆ ಎಡೆಗೆ ಜಾರುಗೊಡುವ ಬೇರೆ ಎಣ್ಣೆಯಿಲ್ಲ, ಇಂಧನವೇ ಆ ಕೆಲಸವನ್ನೂ ಮಾಡಬೇಕು. ಕಣ್ಣಿಗೆ ಕಾಣದ ಮರಳ ಕಣವು ಅಲ್ಲಿ ಗೀರು ಕೊರೆಯುತ್ತದೆ. ನೀರು ಬಂದರೆ ಜಾರುವಿಕೆ ತಪ್ಪಿ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಇಂಜೆಕ್ಟರಿನ ತುದಿ ಕೆಟ್ಟು ಎಣ್ಣೆಯು ಮಂಜಾಗದೆ ತೊಟ್ಟಿಕ್ಕಿದರೆ ಆಡುಬೆಣೆಯ ನೆತ್ತಿಯೇ ಸುಟ್ಟುಹೋಗಬಹುದು. ಶೋಧಕವು, ದೋಣಿಯವರ ಮಾತಿನಲ್ಲಿ ಫಿಲ್ಟರು, ಯಂತ್ರದ ಅವಿಭಾಜ್ಯ ಅಂಗವಾದುದು ಈ ಕಾರಣದಿಂದ. ಯಂತ್ರವನ್ನು ಹಗುರಗೊಳಿಸಿ ಬಡ ಮೀನುಗಾರನ ದೋಣಿಗೆ ಇಳಿಸಿದ ಸುಧಾರಣೆಯೇ ಅದನ್ನು ಕೊಳೆಗೆ ಅಂಜುವಂತೆಯೂ ಮಾಡಿತೆಂಬುದು ನಮ್ಮ ಅಭಿಪ್ರಾಯ.

ದೋಣಿಯಲ್ಲಿ ಈ ಅಪಾಯವು ನೆಲದ ಮೇಲಿನದಕ್ಕಿಂತ ಹೆಚ್ಚು. ಅರೆ ತುಂಬಿದ ತೊಟ್ಟಿಯಲ್ಲಿ ಗಾಳಿಯ ತೇವವು ಹನಿಗಟ್ಟಿ ತಳಕ್ಕಿಳಿಯುತ್ತದೆ. ನೀರೂ ಎಣ್ಣೆಯೂ ಕೂಡುವ ಗಡಿಯಲ್ಲಿ ಬೂಷ್ಟು ಮೊದಲಾದ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತವೆ. ಶಾಂತವಾದ ಕಡಲಿನಲ್ಲಿ ಇದೆಲ್ಲ ತಳದಲ್ಲಿಯೇ ಮಲಗಿರುತ್ತದೆ. ಬಿರುಗಾಳಿಯಲ್ಲಿ ದೋಣಿ ಹೊಯ್ದಾಡಿದಾಗ ಗಸಿಯೆಲ್ಲ ಕದಡಿ ಮೇಲೆದ್ದು ಶೋಧಕವನ್ನು ಕಟ್ಟಿಬಿಡುತ್ತದೆ. ಯಂತ್ರವು ಅತ್ಯಗತ್ಯವಾದ ಗಳಿಗೆಯಲ್ಲಿಯೇ ಅದು ನಿಲ್ಲುವುದು ದುರದೃಷ್ಟವಲ್ಲ, ಭೌತಿಕ ನಿಯಮ. ದೊಡ್ಡ ಹಡಗುಗಳು ಇದಕ್ಕೆ ಗಿರಕಿಯಂತ್ರವನ್ನು ಬಳಸುತ್ತವೆ. ಸ್ವೀಡನ್ನಿನ ಗುಸ್ತಾಫ್ ದ ಲಾವಾಲನು 1878ರಲ್ಲಿ ಹಾಲಿನಿಂದ ಕೆನೆಯನ್ನು ಬೇರ್ಪಡಿಸಲು ರೂಪಿಸಿದ ಯಂತ್ರದ ವಂಶಕ್ಕೆ ಸೇರಿದುದು ಅದು. ಹೈನಿನ ಉಪಕರಣವೊಂದು ಹಡಗಿನ ಹೊಟ್ಟೆಯನ್ನು ಸೇರಿದ ಈ ಕತೆಯು ಪ್ರತ್ಯೇಕ ಲೇಖನಕ್ಕೆ ತಕ್ಕದು.

ಇಂಧನ ಕೆಟ್ಟರೆ ಏನಾಗುವುದೆಂಬುದಕ್ಕೆ ವಿಸ್ತಾರವಾದ ದಾಖಲೆಯುಳ್ಳ ಒಂದು ನಿದರ್ಶನವೆಂದರೆ ‘ಬ್ರೇರ್’ ಹಡಗಿನದು. ಇದು 1993ರ ಜನವರಿಯಲ್ಲಿ ನಾರ್ವೆಯ ಮಾಂಗ್‌ಸ್ಟಾಡಿನಿಂದ ಕೆನಡದ ಕ್ವಿಬೆಕ್ಕಿಗೆ ಸುಮಾರು 85,000 ಟನ್ ಕಚ್ಚಾ ಎಣ್ಣೆಯನ್ನು ಹೊತ್ತು ಹೊರಟಿತ್ತು. ಅಟ್ಟದ ಮೇಲೆ ಕಟ್ಟಿಟ್ಟಿದ್ದ ಉಕ್ಕಿನ ಕೊಳವೆಗಳು ಬಿರುಗಾಳಿಯಲ್ಲಿ ಕಟ್ಟು ಕಳಚಿ ಉರುಳಾಡಿ, ಡೀಸೆಲ್ ತೊಟ್ಟಿಗಳ ಗಾಳಿಗೊಳವೆಗಳನ್ನು ಜಖಂಗೊಳಿಸಿದುವು. ಆ ದಾರಿಯಿಂದ ಕಡಲ ನೀರು ತೊಟ್ಟಿಗೆ ಇಳಿಯಿತು. ಬಾಯ್ಲರು ಹೊತ್ತಲಿಲ್ಲ, ಬಾಯ್ಲರಿಲ್ಲದೆ ಮುಖ್ಯ ಯಂತ್ರದ ಮಂದ ಎಣ್ಣೆಯನ್ನು ಕಾಯಿಸುವಂತಿರಲಿಲ್ಲ. ಆದುದರಿಂದ ಮುಖ್ಯ ಯಂತ್ರಕ್ಕೂ ಡೀಸೆಲನ್ನೇ ಉಣಿಸಿದರು. ತೊಟ್ಟಿಯಿಂದ ನೀರನ್ನು ಬಸಿದು ನೋಡಿದರೂ ಫಲಿಸಲಿಲ್ಲ. ಜನವರಿ 5ರ ಬೆಳಗಿನ ಜಾವಕ್ಕೆ ಯಂತ್ರವೂ ವಿದ್ಯುತ್ತೂ ನಿಂತುವು. ಹಡಗಿನಲ್ಲಿದ್ದ 34 ಮಂದಿಯನ್ನು ಹೆಲಿಕಾಪ್ಟರುಗಳು ಎತ್ತಿ ಉಳಿಸಿದುವು. ಹಡಗು ಅದೇ ದಿನ ಮಧ್ಯಾಹ್ನಕ್ಕೆ ಮುಂಚೆ ಶೆಟ್‌ಲಂಡಿನ ಗಾರ್ತ್ಸ್ ನೆಸ್ ಬಂಡೆಗಳಿಗೆ ಬಡಿಯಿತು. ವಾರದೊಳಗೆ ಒಡೆದು ಎಣ್ಣೆಯೆಲ್ಲ ಕಡಲಿನ ಪಾಲಾಯಿತು. ಸುತ್ತಲಿನ ಕಡಲಿನಲ್ಲಿ ಮೀನು ಹಿಡಿಯುವುದು ನಿಷಿದ್ಧವಾಯಿತು. ಸಾಕಿದ ಸಾಮನ್ ಮೀನುಗಳನ್ನು ನಾಶಪಡಿಸಬೇಕಾಯಿತು.

ಈ ದುರಂತಕ್ಕೆ ಬಿರುಗಾಳಿಯೇ ಕಾರಣವೆನ್ನುವವರುಂಟು. ನಾವು ಒಪ್ಪುವುದಿಲ್ಲ. ಅಟ್ಲಾಂಟಿಕ್ಕಿನ ಚಳಿಗಾಲದಲ್ಲಿ ಬಿರುಗಾಳಿಯು ನಿರೀಕ್ಷಿತ. ಕಟ್ಟು ಸಡಿಲಿದ ಕೊಳವೆಗಳು ನಿರೀಕ್ಷಿತವಲ್ಲ. ಶೋಧಕದ ಮಿತಿಯನ್ನೂ ಈ ಪ್ರಸಂಗ ತೋರಿಸುತ್ತದೆ. ಅದು ತಡೆಯುವುದು ತೊಟ್ಟು ತೊಟ್ಟಾಗಿ ಬರುವ ಕೊಳೆಯನ್ನು. ಕಡಲೇ ಒಳನುಗ್ಗಿದರೆ ಅದರಿಂದಾಗುವುದೇನೂ ಇಲ್ಲ. ಲಾರ್ಡ್ ಡೊನಾಲ್ಡ್‌ಸನ್ನರ ವಿಚಾರಣಾ ವರದಿಯು 1994ರಲ್ಲಿ ಹೊರಬಂದು, ಹಡಗುಗಳಿಂದಾಗುವ ಮಾಲಿನ್ಯದ ಪ್ರಶ್ನೆಯನ್ನು ಸಮಗ್ರವಾಗಿ ಪರಿಶೀಲಿಸಿತು.

ನಮ್ಮ ಕರಾವಳಿಗೂ ಈ ವಿಷಯ ದೂರದ್ದಲ್ಲ. 1952ರ ಒಪ್ಪಂದದಿಂದ ಹುಟ್ಟಿ ಕೊಲ್ಲಂ ಬಳಿಯ ನೀಂಡಕರದಲ್ಲಿ ನೆಲೆಗೊಂಡ ಭಾರತ-ನಾರ್ವೆ ಯೋಜನೆಯು ಡೀಸೆಲ್ ದೋಣಿಗಳನ್ನು ಬಳಕೆಗೆ ತಂದು, 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಹುಟ್ಟನ್ನೂ ಹಾಯಿಯನ್ನೂ ಬಲ್ಲ ಕೈಗಳು ತೊಟ್ಟಿಯ ತಳದ ನೀರನ್ನು ಬಸಿಯುವುದನ್ನೂ ಶೋಧಕವನ್ನು ಬದಲಿಸುವುದನ್ನೂ ಕಲಿಯಬೇಕಾಯಿತು. ಈ ಕಲಿಕೆಯ ಚರಿತ್ರೆಯನ್ನು ಬರೆಯಬೇಕಾದವರು ಯೋಜನೆಯ ಕಡತಗಳಿಗಿಂತ ಮೊದಲು ದೋಣಿ ದುರಸ್ತಿಯ ಅಂಗಳಗಳಿಗೆ ಹೋಗುವುದು ಲೇಸು.

ಅಂತರರಾಷ್ಟ್ರೀಯ ನಿಯಮದಂತೆ 1998ರ ಜುಲೈ 1ರಿಂದೀಚೆಗೆ ಕಟ್ಟಿದ ಸರಕು ಹಡಗುಗಳಲ್ಲಿ, ಬಳಸುವ ಪ್ರತಿಯೊಂದು ಬಗೆಯ ಇಂಧನಕ್ಕೂ ಎರಡು ಬಳಕೆಯ ತೊಟ್ಟಿಗಳಾಗಲಿ ಅದಕ್ಕೆ ಸಮಾನವಾದ ಏರ್ಪಾಡಾಗಲಿ ಇರಬೇಕಾಗಿದೆ; ಒಂದು ಕೆಟ್ಟರೆ ಇನ್ನೊಂದರಿಂದ ಯಂತ್ರಕ್ಕೆ ಎಣ್ಣೆ ದೊರೆಯುತ್ತದೆ.