ಏಕೀಕೃತ ಮಾರುಕಟ್ಟೆ ವೇದಿಕೆ ಮತ್ತು ಚಳ್ಳಕೆರೆ ಸೀಮೆಯ ಶೇಂಗಾ ವಹಿವಾಟು

ಏಕೀಕೃತ ಮಾರುಕಟ್ಟೆ ವೇದಿಕೆ: ಕರ್ನಾಟಕದ ಎಪಿಎಂಸಿ ಪ್ರಾಂಗಣಗಳನ್ನು ಒಂದೇ ಜಾಲಕ್ಕೆ ತಂದ ಆನ್‌ಲೈನ್ ಮಾರಾಟ ವ್ಯವಸ್ಥೆ. 2013ರ ರಾಜ್ಯ ಕೃಷಿ ಮಾರುಕಟ್ಟೆ ನೀತಿಯನ್ನು ಅನುಸರಿಸಿ 2014ರ ಫೆಬ್ರುವರಿಯಲ್ಲಿ ಶುರುವಾಯಿತು. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ ಸ್ಥಾಪಿಸಿದ ರೆಮ್ಸ್ ಕಂಪನಿಗೆ ಇದರ ನಿರ್ವಹಣೆಯನ್ನು ವಹಿಸಲಾಯಿತು. 2019ರ ನವೆಂಬರ್ ಹೊತ್ತಿಗೆ ಇದರ ಮೂಲಕ ಸುಮಾರು 6.28 ಕೋಟಿ ಟನ್ ಉತ್ಪನ್ನ ಕೈ ಬದಲಾಗಿತ್ತು.

ಬೆಳೆಯ ಸೀಮೆ
ಮಾರಮ್ಮನ ಜಾತ್ರೆಗೆ ಹೆಸರಾದ ಗೌರಸಮುದ್ರ, ಚಳ್ಳಕೆರೆ ತಾಲ್ಲೂಕಿನ ಮಳೆಯಾಶ್ರಿತ ಸೀಮೆಯ ಊರು. ಇಲ್ಲಿಂದ ಮೊಳಕಾಲ್ಮುರುವರೆಗೂ ಮುಂಗಾರಿನ ಮುಖ್ಯ ಬೆಳೆ ಶೇಂಗಾ. 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ತಳಿ ದಶಕಗಳ ಕಾಲ ಈ ಭಾಗದ ಹೊಲಗಳನ್ನು ಆಳಿದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳು ಬೆಳೆದದ್ದೂ ಈ ಬೆಳೆಯನ್ನು ನಂಬಿಯೇ.

ಮಾರಾಟದ ಕ್ರಮ
ಹಿಂದೆ ಖರೀದಿದಾರರು ರಾಶಿ ನೋಡಿ, ಲಾಟಿನ ಸಂಖ್ಯೆಯ ಮುಂದೆ ದರ ಬರೆದು ಚೀಟಿಯನ್ನು ಟೆಂಡರ್ ಪೆಟ್ಟಿಗೆಗೆ ಹಾಕುತ್ತಿದ್ದರು. ಸಿಬ್ಬಂದಿ ಚೀಟಿಗಳನ್ನು ಬಿಡಿಸಿ, ಹೋಲಿಸಿ, ಹೆಚ್ಚಿನ ದರವನ್ನು ಘೋಷಿಸುವಷ್ಟರಲ್ಲಿ ಹೊತ್ತು ಏರುತ್ತಿತ್ತು. ಬರಹದ ತಪ್ಪಿಗೂ ತಿದ್ದುವಿಕೆಗೂ ಅಲ್ಲಿ ಅವಕಾಶವಿತ್ತು. ಹೊಸ ಕ್ರಮದಲ್ಲಿ ಗೇಟಿನಲ್ಲೇ ರೈತನ ಹೆಸರು, ಊರು, ಚೀಲಗಳ ಲೆಕ್ಕ ಮತ್ತು ಮಂಡಿಯ (ದಲ್ಲಾಳಿ ಅಂಗಡಿಯ) ವಿವರ ದಾಖಲಾಗಿ ಲಾಟ್ ಸಂಖ್ಯೆ ಸಿಗುತ್ತದೆ. ಖರೀದಿದಾರರು ನಿಗದಿತ ವೇಳೆಯೊಳಗೆ ತಮ್ಮ ದರ ನಮೂದಿಸುತ್ತಾರೆ. ಒಬ್ಬರ ದರ ಮತ್ತೊಬ್ಬರಿಗೆ ಕಾಣದು. ಗರಿಷ್ಠ ದರ ಒಪ್ಪಿಗೆಯಾಗದಿದ್ದರೆ ರೈತ ನಿರಾಕರಿಸಬಹುದು. ಒಪ್ಪಿದರೆ ತೂಕ, ನಂತರ ಬಿಲ್ಲು.

ವೇದಿಕೆಯ ಯಶಸ್ಸು ನಿಂತಿರುವುದು ದರ ನಮೂದಿಸುವುದಕ್ಕಿಂತ ಹಿಂದಿನ ಹೆಜ್ಜೆಯಾದ ಗುಣಮಟ್ಟದ ಪರೀಕ್ಷೆಯ ಮೇಲೆ. ಶೇಂಗಾದ ಬೆಲೆ ಸಿಪ್ಪೆಯೊಳಗಿದೆ. ವ್ಯಾಪಾರಿ ರಾಶಿಯ ಒಳಗಿನಿಂದ ಒಂದು ಹಿಡಿ ಕಾಯಿ ತೆಗೆದು, ಕಿವಿಯ ಬಳಿ ಅಲ್ಲಾಡಿಸಿ, ಸುಲಿದು, ಜಳ್ಳೆಷ್ಟು, ಸುಕ್ಕು ಬೀಜವೆಷ್ಟು ಎಂದು ನೋಡುತ್ತಾನೆ. ಬೀಜ ಕಚ್ಚಿ ತೇವ ಅಂದಾಜಿಸುತ್ತಾನೆ. ದೂರದ ಊರಿನ ಗಿರಣಿ ಮಾಲೀಕನಿಗೆ ಈ ಹಿಡಿಕಾಯಿ ಸಿಗುವುದಿಲ್ಲ. ಅವನು ಪರದೆಯ ಮೇಲೆ ದರ ಹಾಕಬೇಕಾದರೆ ತೇವಾಂಶ, ಕಸ ಮತ್ತು ನೂರು ಕಿಲೋ ಕಾಯಿಗೆ ಸಿಗುವ ಬೀಜದ ತೂಕ ಇವನ್ನು ಅಳೆದು ತಿಳಿಸುವ ನಂಬಲರ್ಹ ಪರೀಕ್ಷೆ ಬೇಕು. ಅದಿಲ್ಲದ ಕಡೆ, ರಾಜ್ಯದ ಬೇರೆ ಬೇರೆ ಪ್ರಾಂಗಣಗಳಲ್ಲಿ ಖರೀದಿಸಲು ಬಿಡುವ ಏಕೀಕೃತ ಪರವಾನಗಿ ಕೈಯಲ್ಲಿದ್ದರೂ ದರ ಹಾಕುವವರು ಬಹುಮಟ್ಟಿಗೆ ಸ್ಥಳೀಯರೇ ಆಗಿರುತ್ತಾರೆ. ಚೀಟಿಯ ಬದಲು ಪರದೆ ಬಂದಿರುತ್ತದೆ, ಅಷ್ಟೆ. ಮಂಡಿಯಿಂದ ಮುಂಗಡ ಪಡೆದ ರೈತನಿಗೆ ದರ ನಿರಾಕರಿಸುವ ಹಕ್ಕು ಕಾಗದದಲ್ಲಿ ಮಾತ್ರ ಉಳಿಯುವ ಸಂಭವವೂ ಇದೆ.

ಬೆಲೆಯ ಮೇಲಿನ ಪರಿಣಾಮ
2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ವೇದಿಕೆಯಿಂದಾಗಿ ಭತ್ತದ ದರ ಶೇ 5.1, ಶೇಂಗಾ ಶೇ 3.6 ಮತ್ತು ಮೆಕ್ಕೆಜೋಳ ಶೇ 3.5ರಷ್ಟು ಏರಿತು. ಹತ್ತಿ, ಹೆಸರು, ತೊಗರಿಯಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ಗುಣಮಟ್ಟದ ಪರೀಕ್ಷೆ, ಖರೀದಿದಾರರ ಸಂಖ್ಯೆ, ಸಾಗಣೆಯ ಅನುಕೂಲ ಬೆಳೆಯಿಂದ ಬೆಳೆಗೆ ಬೇರೆಯಾಗಿದ್ದುದು ಇದಕ್ಕೆ ಕಾರಣವಿರಬಹುದು. ಶೇಂಗಾದ ಅಂಕಿ ಚಿಕ್ಕದೆನಿಸಿದರೂ ಮಳೆಯಾಶ್ರಿತ ಬೆಳೆಗಾರನ ತೆಳುವಾದ ಲಾಭಕ್ಕೆ ಅದು ಸಣ್ಣ ಮೊತ್ತವಲ್ಲ. ಇದು ರಾಜ್ಯಮಟ್ಟದ ಲೆಕ್ಕ. ಒಂದೊಂದು ಪ್ರಾಂಗಣಕ್ಕೂ ಹಾಗೆಯೇ ಅನ್ವಯಿಸಲಾಗದು.

ನಂತರದ ಬೆಳವಣಿಗೆ
ಕೇಂದ್ರದ ರಾಷ್ಟ್ರೀಯ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನ್ಯಾಮ್ 2016ರ ಏಪ್ರಿಲ್ 14ರಂದು ಆರಂಭವಾಯಿತು. 2020ರಲ್ಲಿ ರಾಜ್ಯದ ಎಪಿಎಂಸಿ ಕಾಯ್ದೆಗೆ ತಂದ ತಿದ್ದುಪಡಿ ಪ್ರಾಂಗಣದ ಹೊರಗಿನ ಖರೀದಿಗೆ ದಾರಿ ಮಾಡಿತು. ಹೊಲದಲ್ಲೋ ಗಿರಣಿಯ ಬಾಗಿಲಲ್ಲೋ ನಡೆದ ಮಾರಾಟ ವೇದಿಕೆಯ ಲೆಕ್ಕಕ್ಕೆ ಬಾರದ ಕಾರಣ, ಆ ವರ್ಷದ ನಂತರದ ಆವಕದ ಅಂಕಿಗಳನ್ನು ಹಿಂದಿನವುಗಳೊಂದಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ.